ರೇಡಿಯೋ ಸೇವೆಗಳು ಮುಚ್ಚುತ್ತಿವೆ: ನೆರೆದೇಶದ ದುಡಿಯುವ ಮನೆಯ ದನಿ ಇನ್ನು ಯಾರು ಕೇಳಿಸುತ್ತಾರೆ?

2025ರ ಮಾರ್ಚ್ 14ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಸರ್ಕಾರದ ಹಣದಲ್ಲಿ ಹೊರದೇಶಗಳಿಗೆ ನಡೆಯುವ ರೇಡಿಯೋ ಸೇವೆಗಳನ್ನು ಕನಿಷ್ಠಕ್ಕೆ ಇಳಿಸುವ ಒಂದು ಆದೇಶಕ್ಕೆ ಸಹಿ ಹಾಕಿದರು. ಮರುದಿನವೇ ಅಂಥ ಸೇವೆಗಳಲ್ಲಿ ಒಂದಾದ ವಾಯ್ಸ್ ಆಫ್ ಅಮೆರಿಕದ ಸುಮಾರು 1,300 ಸಿಬ್ಬಂದಿಗೆ ಸಂಬಳ ಸಹಿತ ರಜೆ ಕೊಟ್ಟು ಮನೆಗೆ ಕಳುಹಿಸಲಾಯಿತು. 1942ರಿಂದ ಹತ್ತಾರು ಭಾಷೆಗಳಲ್ಲಿ ಮಾತಾಡುತ್ತಾ ಬಂದಿದ್ದ ರೇಡಿಯೋ ಹೆಚ್ಚುಕಡಿಮೆ ಸುಮ್ಮನಾಯಿತು. ಆದೇಶದ ವಿರುದ್ಧ ಕೋರ್ಟಿನಲ್ಲಿ ವಾದ ನಡೆಯುತ್ತಿರುವಾಗಲೇ, ಅದೇ ವರ್ಷದ ಅಕ್ಟೋಬರ್ ಕೊನೆಗೆ ಅಮೆರಿಕದ ಹಣದಲ್ಲೇ ನಡೆಯುತ್ತಿದ್ದ ರೇಡಿಯೋ ಫ್ರೀ ಏಷ್ಯಾ ಕೂಡ ತನ್ನ ಸುದ್ದಿ ಕೆಲಸ ನಿಲ್ಲಿಸಿತು.

ಈ ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಕೆಲವರು "ಸರ್ಕಾರದ ಪ್ರಚಾರ ನಿಂತಿತು, ಒಳ್ಳೆಯದೇ ಆಯಿತು" ಅನ್ನುತ್ತಾರೆ. ಇನ್ನು ಕೆಲವರು "ಸ್ವತಂತ್ರ ಸುದ್ದಿಯ ಬಾಯಿಗೆ ಬೀಗ ಬಿತ್ತು" ಅನ್ನುತ್ತಾರೆ. ಎರಡು ಗುಂಪಿನ ಜಗಳವೂ ಸುದ್ದಿಯ ಸುತ್ತಲೇ ಇದೆ. ಆದರೆ ಗಡಿ ದಾಟುವ ರೇಡಿಯೋದಲ್ಲಿ ಸುದ್ದಿಯಲ್ಲದ ಒಂದು ಭಾಗವೂ ಇತ್ತು. ಪಕ್ಕದ ದೇಶದ ಗಣಿ ಕೆಲಸಗಾರ, ಲಾರಿ ಡ್ರೈವರ್, ಮೀನುಗಾರ, ಮನೆಗೆಲಸದ ಹೆಂಗಸು ದಿನ ಹೇಗೆ ಕಳೆಯುತ್ತಾರೆ, ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ಅವರದೇ ದನಿಯಲ್ಲಿ ಕೇಳಿಸುವ ಕಾರ್ಯಕ್ರಮಗಳು ಅವು. ಈ ಲೇಖನ ಆ ಭಾಗದ ಬಗ್ಗೆ. ಯಾಕೆಂದರೆ ಸುದ್ದಿಗೆ ಇನ್ನೂ ಹತ್ತು ದಾರಿಗಳಿವೆ. ಇಂಥ ದನಿಗಳಿಗೆ ಮೊದಲಿನಿಂದಲೂ ದಾರಿ ಕಡಿಮೆ, ಈಗ ಅವೂ ಒಂದೊಂದಾಗಿ ಮುಚ್ಚುತ್ತಿವೆ.

ಅಮೆರಿಕ ಒಂದೇ ಅಲ್ಲ

ಅಮೆರಿಕದ ಆದೇಶಕ್ಕೆ ಮುಂಚೆಯೇ ಈ ಕಥೆ ಶುರುವಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬಿಬಿಸಿ ತನ್ನ ವಿಶ್ವ ಸೇವೆಯಲ್ಲಿ 2.85 ಕೋಟಿ ಪೌಂಡ್ ಉಳಿಸುವ ಯೋಜನೆ ಪ್ರಕಟಿಸಿತು. 382 ಹುದ್ದೆಗಳಿಗೆ ಕತ್ತರಿ ಬಿತ್ತು. ಅರೇಬಿಕ್, ಪರ್ಷಿಯನ್, ಬಾಂಗ್ಲಾ, ಹಿಂದಿ, ತಮಿಳು, ಉರ್ದು ಸೇರಿ ಹತ್ತು ಭಾಷೆಗಳಲ್ಲಿ ರೇಡಿಯೋ ನಿಲ್ಲಿಸುವ ಮಾತು ಬಂತು. 81 ವರ್ಷ ನಡೆದ ಬಾಂಗ್ಲಾ ರೇಡಿಯೋ ಆ ವರ್ಷದ ಕೊನೆಯ ದಿನ ನಿಂತಿತು. 1938ರಲ್ಲಿ ಶುರುವಾದ ಅರೇಬಿಕ್ ರೇಡಿಯೋ 2023ರ ಜನವರಿಯಲ್ಲಿ ನಿಂತಿತು.

ಇದೇ ಹೊತ್ತಿಗೆ ಇನ್ನೊಂದು ಬದಲಾವಣೆಯೂ ನಡೆಯುತ್ತಿತ್ತು. ಅದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಯುರೋಪಿನ ದೇಶಗಳು ಲಾಂಗ್ ವೇವ್ ಮತ್ತು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಆರಿಸುತ್ತಾ ಬಂದವು. ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್ 2014ರ ಕೊನೆಗೆ ಲಾಂಗ್ ವೇವ್ ಬಿಟ್ಟಿತು, 2015ರ ಕೊನೆಗೆ ಮೀಡಿಯಂ ವೇವ್ ಬಿಟ್ಟಿತು. ಫ್ರಾನ್ಸಿನ ರೇಡಿಯೋ ಫ್ರಾನ್ಸ್ ಆಂತೇರ್ 2016ರ ಕೊನೆಗೆ ಲಾಂಗ್ ವೇವ್ ನಿಲ್ಲಿಸಿತು. ಐರ್ಲೆಂಡಿನ ಆರ್‌ಟಿಇ 2014ರಲ್ಲೇ ನಿಲ್ಲಿಸುತ್ತೇನೆ ಎಂದಿತ್ತು. ಬ್ರಿಟನ್ನಿಗೆ ಕೆಲಸ ಹುಡುಕಿಕೊಂಡು ಹೋಗಿ ಅಲ್ಲೇ ವಯಸ್ಸಾದ ಐರಿಷ್ ಜನ ಬಲವಾಗಿ ವಿರೋಧಿಸಿದರು. ಹಾಗಾಗಿ ಅದು ಮುಂದೂಡುತ್ತಾ ಹೋಗಿ 2023ರ ಏಪ್ರಿಲ್‌ನಲ್ಲಿ ಕೊನೆಗೂ ನಿಂತಿತು.

ಇಲ್ಲಿ ತಂತ್ರಜ್ಞಾನ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಗೋಪುರದಿಂದ ಕೆಲವು ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಸೋಲುತ್ತದೆ. ಲಾಂಗ್ ವೇವ್ ನೆಲವನ್ನು ಅಪ್ಪಿಕೊಂಡೇ ನೂರಾರು ಕಿಲೋಮೀಟರ್ ಹೋಗುತ್ತದೆ. ಮೀಡಿಯಂ ವೇವ್ ಕತ್ತಲಾದ ಮೇಲೆ ಆಕಾಶದ ಮೇಲ್ಪದರಕ್ಕೆ ಬಡಿದು ವಾಪಸ್ ಬರುತ್ತದೆ, ಹಾಗಾಗಿ ಹಗಲಿಗಿಂತ ರಾತ್ರಿ ಬಹಳ ದೂರ ತಲುಪುತ್ತದೆ. ಕೆಲಸ ಮುಗಿಸಿ ಮನೆಗೆ ಬಂದವರು ಗುಂಡಿ ತಿರುಗಿಸುವ ಹೊತ್ತಿಗೇ ಪಕ್ಕದ ದೇಶದ ದನಿ ಸಿಗುತ್ತಿದ್ದುದಕ್ಕೆ ಇದೇ ಕಾರಣ. ಆದರೆ ಇಂಥ ಟ್ರಾನ್ಸ್‌ಮಿಟರ್‌ಗಳು ವಿದ್ಯುತ್ತನ್ನು ವಿಪರೀತ ತಿನ್ನುತ್ತವೆ. ಕೇಳುಗರು ಕಡಿಮೆಯಾದ ಹಾಗೆ ಆ ಖರ್ಚನ್ನು ಸಮರ್ಥಿಸುವುದು ಕಷ್ಟವಾಯಿತು.

ಅಂದರೆ ಕಾರಣ ಒಂದೊಂದು ಕಡೆ ಒಂದೊಂದು. ಅಮೆರಿಕದಲ್ಲಿ ರಾಜಕೀಯ, ಬ್ರಿಟನ್ನಿನಲ್ಲಿ ಹಣ, ಐರ್ಲೆಂಡ್, ಜರ್ಮನಿ, ಫ್ರಾನ್ಸ್‌ಗಳಲ್ಲಿ ಹಳೆಯ ಯಂತ್ರ ಮತ್ತು ವಿದ್ಯುತ್ ಬಿಲ್ಲು. ಪರಿಣಾಮ ಮಾತ್ರ ಎಲ್ಲ ಕಡೆ ಒಂದೇ: ಹುಡುಕದೇ ಇದ್ದರೂ ಕಿವಿಗೆ ಬೀಳುತ್ತಿದ್ದ ನೆರೆಯವರ ಮಾತು ಈಗ ಬೀಳುತ್ತಿಲ್ಲ.

ಅಡುಗೆಮನೆಗೆ ಮೈಕ್ ಹೋದ ಕಥೆ

ದುಡಿಯುವ ಮನೆಗಳ ದನಿ ರೇಡಿಯೋಗೆ ಬಂದದ್ದು ತಾನಾಗಿ ಅಲ್ಲ. 1930ರ ದಶಕದ ಬಿಬಿಸಿಯಲ್ಲಿ ಮೈಕ್ ಮುಂದೆ ಕೂರುವವರ ಕೈಯಲ್ಲಿ ಸಾಮಾನ್ಯವಾಗಿ ಬರೆದ ಮಾತು ಇರಬೇಕಿತ್ತು. ಮೊದಲೇ ಬರೆದು, ತಿದ್ದಿ, ಒಪ್ಪಿಗೆ ಪಡೆದ ಮಾತು. ಕಾರ್ಮಿಕರು ಬಂದರೂ ತಮ್ಮದೇ ಬದುಕನ್ನು ಹಾಳೆ ನೋಡಿ ಓದಬೇಕಿತ್ತು.

ಇದನ್ನು ಮುರಿದವರಲ್ಲಿ ಮುಖ್ಯರು ಮ್ಯಾಂಚೆಸ್ಟರ್‌ನ ಬಿಬಿಸಿಯಲ್ಲಿ ಕೆಲಸ ಮಾಡುತ್ತಿದ್ದ ಆಲಿವ್ ಶಾಪ್ಲಿ. ಅವರ ಬಳಿ ಒಂದು ರೆಕಾರ್ಡಿಂಗ್ ವ್ಯಾನ್ ಇತ್ತು. 27 ಅಡಿ ಉದ್ದ, ತುಂಬಿದಾಗ ಏಳು ಟನ್‌ಗೂ ಜಾಸ್ತಿ ತೂಕ. ಆ ದೈತ್ಯ ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸಿ, ಮೈಕನ್ನು ಜನ ಇದ್ದಲ್ಲಿಗೆ ಒಯ್ದು ಅವರು ಮಾತಾಡಿಸುತ್ತಿದ್ದರು. ನೆಲೆಯಿಲ್ಲದವರು, ಕಾಲುವೆಯಲ್ಲಿ ದೋಣಿ ನಡೆಸುವವರು, ರಾತ್ರಿ ಲಾರಿ ಓಡಿಸುವವರು ಹೀಗೆ ರೇಡಿಯೋಗೆ ಬಂದರು.

1939ರಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋದರು. ಇಂಗ್ಲೆಂಡಿನ ಡರ್ಹಮ್ ಸೀಮೆಯ ಒಂದು ಗಣಿ ಹಳ್ಳಿಯ ಹೆಂಗಸರ ಬದುಕನ್ನು ಉತ್ತರ ಫ್ರಾನ್ಸಿನ ಗಣಿ ಹಳ್ಳಿಯೊಂದರ ಹೆಂಗಸರ ಬದುಕಿನ ಪಕ್ಕ ಇಟ್ಟು 'ಮೈನರ್ಸ್ ವೈವ್ಸ್' ಎಂಬ ಕಾರ್ಯಕ್ರಮ ಮಾಡಿದರು. ಆ ವರ್ಷ ನೆನಪಿಸಿಕೊಳ್ಳಿ. ಯುರೋಪ್ ಇನ್ನೊಂದು ಮಹಾಯುದ್ಧದ ಹೊಸ್ತಿಲಲ್ಲಿತ್ತು. ಪತ್ರಿಕೆಗಳ ತುಂಬ ಸೈನ್ಯ, ಒಪ್ಪಂದ, ನಾಯಕರ ಮಾತು. ಆ ಗದ್ದಲದ ನಡುವೆ ಶಾಪ್ಲಿ ಎರಡು ದೇಶಗಳ ಗಣಿ ಕೆಲಸಗಾರರ ಹೆಂಡತಿಯರನ್ನು ಕೇಳಿಸಿದರು. ಒಂದೇ ಕಲ್ಲಿದ್ದಲು, ಒಂದೇ ದೂಳು, ಗಂಡ ಸುರಂಗದಿಂದ ಮೇಲೆ ಬರುವವರೆಗೂ ಒಂದೇ ಆತಂಕ. ಈ ಪ್ರಕಾರದ ಶಕ್ತಿ ಏನು ಎಂದು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಯುದ್ಧದ ನಂತರ ಟೇಪ್ ರೆಕಾರ್ಡರ್ ಬಂತು. ಏಳು ಟನ್ನಿನ ವ್ಯಾನ್ ಮಾಡುತ್ತಿದ್ದ ಕೆಲಸ ಹೆಗಲಿಗೆ ನೇತುಹಾಕಿಕೊಳ್ಳುವ ಪೆಟ್ಟಿಗೆಗೆ ಬಂತು. ಬಿಬಿಸಿಯ ಚಾರ್ಲ್ಸ್ ಪಾರ್ಕರ್, ಗಾಯಕರಾದ ಇವಾನ್ ಮೆಕಾಲ್ ಮತ್ತು ಪೆಗಿ ಸೀಗರ್ ಸೇರಿ 1958ರಿಂದ 1964ರವರೆಗೆ, ಜನರ ಮಾತನ್ನೂ ಹಾಡನ್ನೂ ಹೆಣೆದ ಎಂಟು ರೇಡಿಯೋ ಬ್ಯಾಲಡ್‌ಗಳನ್ನು ಮಾಡಿದರು. ರೈಲು ಕೆಲಸಗಾರರು, ರಸ್ತೆ ಹಾಕುವವರು, ಗಣಿಯವರು, ಮೀನುಗಾರರು, ಅಲೆಮಾರಿಗಳು. ಜನರ ಮಾತನ್ನು ನಟರ ಬಾಯಲ್ಲಿ ಹೇಳಿಸುವುದು ಆಗಿನ ರೂಢಿ. ರೆಕಾರ್ಡ್ ಮಾಡಿದ ಮೂಲ ದನಿ ಕೇಳಿದ ಮೇಲೆ ಇವರು ಅದನ್ನೇ ಇಟ್ಟುಕೊಂಡರು. ಮೀನುಗಾರರ ಕಾರ್ಯಕ್ರಮ 1960ರಲ್ಲಿ ಪ್ರಿ ಇಟಾಲಿಯಾ ಪಡೆಯಿತು. 1948ರಲ್ಲಿ ಇಟಲಿಯ ಕಾಪ್ರಿ ದ್ವೀಪದಲ್ಲಿ ಶುರುವಾದ ಈ ಬಹುಮಾನ, ಒಂದು ದೇಶದ ರೇಡಿಯೋದವರು ಇನ್ನೊಂದು ದೇಶದ ಕೆಲಸವನ್ನು ಕೂತು ಕೇಳುವ ಜಾಗವೂ ಆಗಿತ್ತು. ಇಷ್ಟೆಲ್ಲ ಹೆಸರು ಬಂದ ಮೇಲೂ ಸರಣಿ ನಿಂತಿತು. ಖರ್ಚು ಜಾಸ್ತಿ ಎಂದು.

ಇವಕ್ಕೇ ಮೊದಲು ಕತ್ತರಿ ಬೀಳುವುದು ಯಾಕೆ?

ಖರ್ಚಿನ ಈ ಲೆಕ್ಕ ಬಿಡಿಸಿ ನೋಡಿದರೆ ಇವತ್ತಿನ ಪರಿಸ್ಥಿತಿಯೂ ಅರ್ಥವಾಗುತ್ತದೆ.

ಒಂದು ಸುದ್ದಿ ತುಣುಕನ್ನು ಒಮ್ಮೆ ಬರೆದರೆ ಸಾಕು. ಅದನ್ನೇ ನಲವತ್ತು ಭಾಷೆಗೆ ತಿರುಗಿಸಿ ಅವತ್ತೇ ಓದಬಹುದು. ಮನೆಯೊಂದರ ಚಿತ್ರಣ ಹಾಗಲ್ಲ. ಮೊದಲು ಒಪ್ಪುವ ಕುಟುಂಬ ಸಿಗಬೇಕು. ಅವರಿಗೆ ನಂಬಿಕೆ ಹುಟ್ಟಬೇಕು. ಮೊದಲ ಭೇಟಿಯಲ್ಲಿ ಜನ ಹೇಳುವುದು ಹೊರಗಿನವರಿಗೆ ಹೇಳುವ ಮಾತು. ಸಾಲದ ಬಗ್ಗೆ, ಗಂಡನ ಕುಡಿತದ ಬಗ್ಗೆ, ಮಗಳ ಶಾಲೆ ಬಿಡಿಸಿದ್ದರ ಬಗ್ಗೆ ಮಾತು ಬರುವುದು ಎಷ್ಟೋ ಭೇಟಿಗಳ ನಂತರ. ಗಂಟೆಗಟ್ಟಲೆ ರೆಕಾರ್ಡಿಂಗ್‌ನಿಂದ ಕೊನೆಗೆ ಅರ್ಧ ಗಂಟೆ ಉಳಿಯುತ್ತದೆ.

ಗಡಿ ದಾಟಿದಾಗ ಇದರ ಮೇಲೆ ಇನ್ನೊಂದು ಕೆಲಸ ಬೀಳುತ್ತದೆ. ಅದು ಅನುವಾದ. ಸಾಮಾನ್ಯವಾಗಿ ಮೂಲ ದನಿಯನ್ನು ಕೆಲವು ಕ್ಷಣ ಕೇಳಿಸಿ, ಆಮೇಲೆ ಅದನ್ನು ತಗ್ಗಿಸಿ, ಮೇಲೆ ಅನುವಾದದ ದನಿ ಹಾಕುತ್ತಾರೆ. ಆ ದನಿ ಯಾರದ್ದಾಗಿರಬೇಕು? ವಾರ್ತೆ ಓದುವವರ ಶುದ್ಧ ಉಚ್ಚಾರದಲ್ಲಿ ಹೇಳಿದರೆ ಮಾಹಿತಿ ಉಳಿಯುತ್ತದೆ, ಆದರೆ ಅದು ದುಡಿಯುವವರ ಮಾತು ಅನ್ನಿಸುವುದಿಲ್ಲ. ಕೇಳುಗರ ಕಡೆಯ ಯಾವುದೋ ಸೀಮೆಯ ಆಡುಮಾತಿನಲ್ಲಿ ಹೇಳಿಸಿದರೆ, ಫ್ರಾನ್ಸಿನ ಗಣಿಯವನು ಇದ್ದಕ್ಕಿದ್ದಂತೆ ಕೇಳುಗರ ಪಕ್ಕದೂರಿನವನಾಗಿಬಿಡುತ್ತಾನೆ. ಎರಡರಲ್ಲೂ ಏನೋ ಕಳೆದುಹೋಗುತ್ತದೆ. ಮೂಲ ದನಿಗೆ ಎಷ್ಟು ಜಾಗ ಬಿಡಬೇಕು, ನಗು, ಕೆಮ್ಮು, ಪಾತ್ರೆಯ ಸದ್ದು ಎಲ್ಲಿ ಹಾಗೇ ಇರಬೇಕು ಎಂದು ಒಬ್ಬರು ಕೂತು ನಿರ್ಧರಿಸಬೇಕು. ಇದು ಕೈಕೆಲಸ. ಅವಸರದಲ್ಲಿ ಆಗುವುದಿಲ್ಲ.

ಈಗ ಬಜೆಟ್ ಕಡಿಮೆ ಮಾಡಬೇಕಾದವರ ಜಾಗದಲ್ಲಿ ನಿಂತು ನೋಡಿ. ಒಂದು ಕಡೆ ದಿನಕ್ಕೆ ಹತ್ತು ಬಾರಿ ಹೋಗುವ ವಾರ್ತೆ. ಇನ್ನೊಂದು ಕಡೆ ತಿಂಗಳಿಗೊಮ್ಮೆ ಬರುವ, ವಾರಗಟ್ಟಲೆ ಸಮಯ ತಿನ್ನುವ ಅರ್ಧ ಗಂಟೆ. ವಾರ್ತೆ ನಿಲ್ಲಿಸಿದರೆ ಸಂಸತ್ತಿನಲ್ಲಿ ಪ್ರಶ್ನೆ ಬರುತ್ತದೆ. ಅರ್ಧ ಗಂಟೆಯ ಕಾರ್ಯಕ್ರಮ ನಿಂತರೆ ಕೆಲವು ಪತ್ರಗಳು ಬರಬಹುದು, ಅಷ್ಟೇ. ಹಾಗಾಗಿ ರೇಡಿಯೋ ಸೇವೆ ಪೂರ್ತಿ ಮುಚ್ಚುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಇಂಥ ಕಾರ್ಯಕ್ರಮಗಳು ಸದ್ದಿಲ್ಲದೆ ಸೊರಗಿರುತ್ತವೆ. ಮುಚ್ಚಿದ ದಿನ ಎಲ್ಲರೂ ಸುದ್ದಿಯ ಬಗ್ಗೆ ಮಾತಾಡುವುದಕ್ಕೆ ಇದೂ ಒಂದು ಕಾರಣ. ಅಷ್ಟೊತ್ತಿಗೆ ಕಣ್ಣಿಗೆ ಕಾಣುವಂತೆ ಉಳಿದಿರುವುದು ಸುದ್ದಿ ಮಾತ್ರ.

"ಫೋನ್ ಇದೆಯಲ್ಲ" ಎನ್ನುವ ವಾದ

ಮುಚ್ಚುವವರ ವಾದವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದರಲ್ಲಿ ಸತ್ಯವಿದೆ. ಖಂಡಗಳನ್ನೇ ದಾಟಿ ಹೋಗುವ ಶಾರ್ಟ್‌ವೇವ್ ಕೇಳುವವರು ಎಲ್ಲ ಕಡೆ ಕಡಿಮೆಯಾಗಿದ್ದಾರೆ. ಒಳ್ಳೆಯ ರೆಕಾರ್ಡಿಂಗ್ ಮಾಡಲು ಈಗ ಒಂದು ಫೋನ್ ಸಾಕು. ಯಾವ ಸಂಸ್ಥೆಯನ್ನೂ ಕೇಳದೆ ಯಾರು ಬೇಕಾದರೂ ತಮ್ಮ ಮನೆಯ ಕಥೆ ಹೇಳಿ ಪಾಡ್‌ಕಾಸ್ಟ್ ಆಗಿ ಹಾಕಬಹುದು. ಫ್ರಾನ್ಸ್ ಮತ್ತು ಜರ್ಮನಿ ಜೊತೆಗೂಡಿ ಕಟ್ಟಿದ ಆರ್ಟೆ ಟಿವಿ ಸಂಸ್ಥೆಯ ಫ್ರೆಂಚ್ ಕಡೆಯವರು 2002ರಲ್ಲೇ ಆರ್ಟೆ ರೇಡಿಯೋ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಇಲ್ಲದೆ, ಬರೀ ಇಂಟರ್ನೆಟ್‌ನಲ್ಲಿ, ಸಾಮಾನ್ಯ ಜನರ ಬದುಕಿನ ತುಂಬ ಒಳ್ಳೆಯ ಕಾರ್ಯಕ್ರಮಗಳು ಅಲ್ಲಿ ಬಂದಿವೆ. ಹಾಗಿದ್ದರೆ ತೊಂದರೆ ಏನು ಅಲ್ವಾ?

ತೊಂದರೆ ತಲುಪುವುದರಲ್ಲಿದೆ. ಜಗತ್ತಿನಲ್ಲಿ ಈಗಲೂ 200 ಕೋಟಿಗೂ ಜಾಸ್ತಿ ಜನಕ್ಕೆ ಇಂಟರ್ನೆಟ್ ಇಲ್ಲ ಎಂದು ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಹೇಳುತ್ತದೆ. ಇಂಟರ್ನೆಟ್ ಇದ್ದಲ್ಲೂ ಅದನ್ನು ತಡೆಯುವುದು ಸುಲಭ. 2022ರ ಮಾರ್ಚ್‌ನಲ್ಲಿ ರಷ್ಯಾ ಹಲವು ವಿದೇಶಿ ಮಾಧ್ಯಮಗಳ ಜಾಲತಾಣಗಳನ್ನು ತಡೆಯಿತು. ಅದೇ ದಿನಗಳಲ್ಲಿ ಬಿಬಿಸಿ ಉಕ್ರೇನ್ ಮತ್ತು ರಷ್ಯಾದ ಕೆಲವು ಭಾಗಗಳಿಗೆ ದಿನಕ್ಕೆ ನಾಲ್ಕು ಗಂಟೆ ಶಾರ್ಟ್‌ವೇವ್ ಪ್ರಸಾರ ಶುರು ಮಾಡಬೇಕಾಯಿತು. 2023ರ ಜನವರಿಯಲ್ಲಿ ಅರೇಬಿಕ್ ರೇಡಿಯೋ ಮುಚ್ಚಿದ ಅದೇ ಬಿಬಿಸಿ, ಕೆಲವೇ ತಿಂಗಳಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿಗೆ ಅರೇಬಿಕ್‌ನಲ್ಲಿ ತುರ್ತು ರೇಡಿಯೋ ನಡೆಸಿತು. ಆ ವರ್ಷದ ಕೊನೆಗೆ ಗಾಜಾಕ್ಕೂ ಹಾಗೇ ಮಾಡಿತು.

ಈ ತುರ್ತು ಪ್ರಸಾರಗಳನ್ನು ಗಮನಿಸಬೇಕು. ರೇಡಿಯೋ ಇನ್ನೂ ಬೇಕು ಎಂದು ಅವು ಒಪ್ಪಿಕೊಳ್ಳುತ್ತವೆ. ಆದರೆ ಅವು ಬರುವುದು ಬಾಂಬ್ ಬಿದ್ದ ಮೇಲೆ, ತರುವುದು ಬಾಂಬಿನ ಸುದ್ದಿಯನ್ನು. ಶಾಂತಿ ಇದ್ದ ದಿನಗಳಲ್ಲಿ ಆ ದೇಶದ ಮನೆಗಳು ಹೇಗಿದ್ದವು ಎಂದು ಕೇಳಿಸುತ್ತಿದ್ದ ಕೆಲಸ ವಾಪಸ್ ಬರುವುದಿಲ್ಲ.

ಇಂಟರ್ನೆಟ್ ಚೆನ್ನಾಗಿ ಸಿಗುವ ಕಡೆ ಇನ್ನೊಂದು ಬಗೆಯ ಗೋಡೆ ಇದೆ. ಆ್ಯಪ್‌ಗಳು ನಾವು ಹಿಂದೆ ಕೇಳಿದ್ದನ್ನು ನೋಡಿ ಮುಂದಿನದನ್ನು ಸೂಚಿಸುತ್ತವೆ. ನಮ್ಮ ಭಾಷೆ, ನಮ್ಮ ದೇಶ, ನಮ್ಮಂಥವರ ಆಯ್ಕೆ ಇವೇ ಲೆಕ್ಕ. ಪಕ್ಕದ ದೇಶದ ಮೀನು ಕಾರ್ಖಾನೆಯಲ್ಲಿ ಕೆಲಸ ಮಾಡುವ ತಾಯಿಯ ದಿನಚರಿಯನ್ನು ಯಾರೂ ಹುಡುಕುವುದಿಲ್ಲ, ಹಾಗಾಗಿ ಅದು ಯಾರಿಗೂ ತೋರುವುದಿಲ್ಲ. ಜಾಹೀರಾತು ಕೊಡುವವರಿಗೂ ಆಸಕ್ತಿ ಇಲ್ಲ. ಎರಡು ಭಾಷೆ, ಎರಡು ಮಾರುಕಟ್ಟೆಗೆ ಹಂಚಿಹೋದ ಕೇಳುಗರಿಗೆ ಯಾವ ಸಾಬೂನು ಮಾರುವುದು? ಕಾರ್ಯಕ್ರಮ ಮಾಡುವ ಖರ್ಚು ಇಳಿದಿದೆ, ನಿಜ. ಅದಕ್ಕೆ ದುಡ್ಡು ಕೊಡುವವರು ಮಾತ್ರ ಹುಟ್ಟಿಲ್ಲ.

ಕೇಳಿದರೆ ಏನಾದರೂ ಬದಲಾಗುತ್ತದಾ?

ನೆರೆಯವರ ದನಿ ಕೇಳಿದರೆ ದ್ವೇಷ ಕರಗುತ್ತದೆ ಎಂದು ಇಂಥ ಕಾರ್ಯಕ್ರಮಗಳನ್ನು ಪ್ರೀತಿಸುವವರು ನಂಬುತ್ತಾರೆ. ಆ ನಂಬಿಕೆಯನ್ನು ಪರೀಕ್ಷಿಸಿದ ಸಂಶೋಧನೆಗಳಿವೆ. ಅವುಗಳ ಫಲಿತಾಂಶ ಅಷ್ಟು ಸರಳವಾಗಿಲ್ಲ.

ಕ್ರೊಯೇಷಿಯಾದ ವುಕೊವಾರ್ ಸುತ್ತಮುತ್ತ ಸರ್ಬರೊಂದಿಗಿನ 1990ರ ದಶಕದ ಯುದ್ಧದಲ್ಲಿ ಭೀಕರ ಹೋರಾಟ ನಡೆದಿತ್ತು. ಯುದ್ಧ ಮುಗಿದ ಮೇಲೆ ಗಡಿಯಾಚೆಯ ಸರ್ಬಿಯಾದ ರೇಡಿಯೋ ಅಲ್ಲಿನ ಕೆಲವು ಹಳ್ಳಿಗಳಲ್ಲಿ ಕೇಳಿಸುತ್ತಿತ್ತು, ಕೆಲವು ಹಳ್ಳಿಗಳಲ್ಲಿ ಕೇಳಿಸುತ್ತಿರಲಿಲ್ಲ. ಸ್ಟೆಫಾನೊ ಡೆಲ್ಲಾವಿನ್ಯ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ಎರಡು ಬಗೆಯ ಹಳ್ಳಿಗಳನ್ನು ಹೋಲಿಸಿತು. ರೇಡಿಯೋ ಕೇಳಿಸುತ್ತಿದ್ದ ಹಳ್ಳಿಗಳಲ್ಲಿ ಕ್ರೊಯೇಷಿಯಾದ ಉಗ್ರ ರಾಷ್ಟ್ರವಾದಿ ಪಕ್ಷಕ್ಕೆ ಮತ ಜಾಸ್ತಿ ಬಿದ್ದಿತ್ತು. ಗೋಡೆಗಳ ಮೇಲೆ ಸರ್ಬರ ವಿರುದ್ಧದ ಬರಹಗಳೂ ಜಾಸ್ತಿ ಇದ್ದವು. ಆ ಪ್ರಸಾರ ಅವರಿಗಾಗಿ ಮಾಡಿದ್ದೇ ಅಲ್ಲ, ಸರ್ಬಿಯಾದವರು ತಮ್ಮವರಿಗಾಗಿ ಮಾಡಿಕೊಂಡಿದ್ದು. ಆದರೂ ಹಳೆಯ ಗಾಯ ಕೆದಕಿತು. ಹಾಗಾಗಿ ಗಡಿ ದಾಟಿ ಬರುವ ದನಿಯೆಲ್ಲ ಒಳ್ಳೆಯದೇ ಮಾಡುತ್ತದೆ ಎನ್ನುವಂತಿಲ್ಲ.

ರುವಾಂಡಾದ ಅನುಭವ ಇನ್ನೂ ಆಳವಾದದ್ದು. 1994ರ ನರಮೇಧದಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೋ ಕೊಲ್ಲಲು ಜನರನ್ನು ಹುರಿದುಂಬಿಸಿತ್ತು. ಹತ್ತು ವರ್ಷದ ನಂತರ, 2004ರಲ್ಲಿ, ಅದೇ ದೇಶದಲ್ಲಿ 'ಮುಸೆಕೆವೆಯಾ' ಎಂಬ ರೇಡಿಯೋ ಧಾರಾವಾಹಿ ಶುರುವಾಯಿತು. ಅಕ್ಕಪಕ್ಕದ ಎರಡು ಊರುಗಳು, ನೆಲದ ಕೊರತೆ, ಜಗಳ, ಊರು ದಾಟಿದ ಪ್ರೀತಿ, ಮನೆಯೊಳಗಿನ ದಿನನಿತ್ಯದ ಮಾತು. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲೆವಿ ಪಾಲಕ್ ಒಂದು ವರ್ಷದ ಪ್ರಯೋಗ ಮಾಡಿದರು. ಕೆಲವು ಗುಂಪುಗಳು ಈ ಧಾರಾವಾಹಿ ಕೇಳಿದವು, ಕೆಲವು ಗುಂಪುಗಳು ಆರೋಗ್ಯದ ಬಗ್ಗೆ ಬೇರೊಂದು ಧಾರಾವಾಹಿ ಕೇಳಿದವು. 2009ರಲ್ಲಿ ಬಂದ ಫಲಿತಾಂಶ ಕುತೂಹಲದ್ದು. ಕೇಳುಗರ ಒಳಗಿನ ನಂಬಿಕೆಗಳು ಹೆಚ್ಚು ಬದಲಾಗಲಿಲ್ಲ. ಆದರೆ "ನಮ್ಮ ಸುತ್ತಲಿನ ಜನ ಹೇಗೆ ನಡೆದುಕೊಳ್ಳುತ್ತಾರೆ, ಯಾವುದು ಸರಿ ಅನ್ನುತ್ತಾರೆ" ಎಂಬ ತಿಳಿವಳಿಕೆ ಬದಲಾಯಿತು. ಅದರ ಜೊತೆಗೆ ನಡವಳಿಕೆಯೂ ಸ್ವಲ್ಪ ಬದಲಾಯಿತು.

ಅವರೇ ಪೂರ್ವ ಕಾಂಗೋದಲ್ಲಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಧಾರಾವಾಹಿಯ ಬೆನ್ನಿಗೆ ಚರ್ಚೆಗೆ ಹುರಿದುಂಬಿಸುವ ಕಾರ್ಯಕ್ರಮ ಸೇರಿಸಿದಾಗ ಕೇಳುಗರ ಅಸಹನೆ ಹೆಚ್ಚಾಯಿತು. ಇದು 2010ರಲ್ಲಿ ಪ್ರಕಟವಾಯಿತು. ಮನೆಯ ಕಥೆ ಕೇಳಿಸುವುದು ಒಂದು, ಕೇಳಿದವರನ್ನು ವಾದಕ್ಕೆ ಇಳಿಸುವುದು ಇನ್ನೊಂದು.

ಈ ಮೂರನ್ನೂ ಜೊತೆಗಿಟ್ಟು ನೋಡಿದಾಗ ನನಗೆ ಕಾಣುವುದು ಇದು. ನೆರೆಯ ದೇಶದ ಸರ್ಕಾರಿ ದನಿ, ಅಲ್ಲಿನ ದೇಶಾಭಿಮಾನದ ದನಿ ಗಡಿ ದಾಟಿದರೆ ಸಿಟ್ಟು ಹೆಚ್ಚಿಸಬಹುದು. ನೆರೆಯವರ ಮನೆಯ ದನಿ ಮನಸ್ಸನ್ನು ರಾತ್ರೋರಾತ್ರಿ ಬದಲಿಸುವುದಿಲ್ಲ. ಆದರೆ "ಅವರ ಕಡೆ ಮಾಮೂಲಿ ಬದುಕು ಅಂದರೆ ಏನು" ಎಂಬ ಅಂದಾಜನ್ನು ನಿಧಾನವಾಗಿ ತಿದ್ದುತ್ತದೆ. ಗಡಿಯಾಚೆಯ ದೇಶದ ಮೇಲೆ ಕೋಪ ಬಂದಾಗ ಅದು ಅಲ್ಲಿ ಯಾರ ಮೇಲೆ ತಿರುಗುತ್ತದೆ ಎನ್ನುವುದು ಆ ಅಂದಾಜಿನ ಮೇಲೆ ನಿಂತಿರುತ್ತದೆ. ಸರ್ಕಾರದ ಮೇಲಾ, ಇಡೀ ಜನರ ಮೇಲಾ?

ಯಾರ ಬದುಕು, ಯಾರ ಕೈಯಲ್ಲಿ ಮೈಕ್?

ಇನ್ನೊಂದು ಟೀಕೆ ಈ ಪ್ರಕಾರದ ಒಳಗಿನಿಂದಲೇ ಬರುತ್ತದೆ, ಅದನ್ನು ತಳ್ಳಿಹಾಕಲಾಗದು. ದುಡಿಯುವವರ ಮನೆಗೆ ಮೈಕ್ ಹಿಡಿದು ಹೋಗುವವರು ಹೆಚ್ಚಾಗಿ ಓದಿದ, ಅನುಕೂಲಸ್ಥ ಮನೆಗಳವರು. ಅವರು ಏನನ್ನು ಹುಡುಕಿಕೊಂಡು ಹೋಗುತ್ತಾರೋ ಅದೇ ಸಿಗುತ್ತದೆ. ಬಡತನ ಹುಡುಕಿದವರಿಗೆ ಕಣ್ಣೀರು ಸಿಗುತ್ತದೆ, ವೀರತನ ಹುಡುಕಿದವರಿಗೆ ಬೆವರು ಸಿಗುತ್ತದೆ. ಆಲಿವ್ ಶಾಪ್ಲಿ 1939ರಲ್ಲಿ ಇನ್ನೊಂದು ಕಾರ್ಯಕ್ರಮದಲ್ಲಿ ಕಾರ್ಲ್ ಮಾರ್ಕ್ಸ್‌ನ ಸಂಗಾತಿ ಎಂಗೆಲ್ಸ್ ಕಂಡ 1840ರ ದಶಕದ ಮ್ಯಾಂಚೆಸ್ಟರನ್ನೂ ತಮ್ಮ ಕಾಲದ ಮ್ಯಾಂಚೆಸ್ಟರನ್ನೂ ಪಕ್ಕಪಕ್ಕ ಇಟ್ಟಿದ್ದರು. ಅದು ತೀರಾ ಏಕಪಕ್ಷೀಯವಾಗಿತ್ತು ಎಂದು ಮುಂದೆ ಅವರೇ ಒಪ್ಪಿಕೊಂಡರು. ದೂರದ ದೇಶದ ವಿಷಯದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ತಪ್ಪಾಗಿದೆ ಎಂದು ಹೇಳಲು ಆ ಮನೆಯವರು ಕೇಳುಗರ ನಡುವೆ ಇರುವುದಿಲ್ಲ.

ಹಾಗಿದ್ದರೆ ಮೈಕನ್ನೇ ಅವರ ಕೈಗೆ ಕೊಡಬೇಕು ಅಲ್ಲವೇ? ಬೊಲಿವಿಯಾದ ತವರದ ಗಣಿಗಳಲ್ಲಿ ಅದು ನಿಜಕ್ಕೂ ನಡೆಯಿತು. 1940ರ ದಶಕದ ಕೊನೆಯಿಂದ ಅಲ್ಲಿನ ಕಾರ್ಮಿಕ ಸಂಘಗಳು ತಮ್ಮದೇ ರೇಡಿಯೋ ಕೇಂದ್ರಗಳನ್ನು ಕಟ್ಟಿದವು. ಗಣಿಯವರು ತಮ್ಮ ಕೂಲಿಯಲ್ಲಿ ಒಂದು ಪಾಲನ್ನು ಅದಕ್ಕೆ ಕೊಟ್ಟರು. ಗೃಹಿಣಿಯರ ಸಮಿತಿಗಳು ಬಂದು ಮಾತಾಡಿದವು, ಊರಿನ ಜಗಳ, ಹಬ್ಬ, ಸಾವು, ಮುಷ್ಕರ ಎಲ್ಲ ಅಲ್ಲಿ ಬಂತು. ಸೈನ್ಯದ ದಂಗೆಗಳಾದಾಗ ಸೈನಿಕರು ಮೊದಲು ಹುಡುಕಿಕೊಂಡು ಬಂದ ಜಾಗಗಳಲ್ಲಿ ಈ ಕೇಂದ್ರಗಳೂ ಇದ್ದವು. ಅದನ್ನೆಲ್ಲ ತಡೆದುಕೊಂಡ ಕೇಂದ್ರಗಳು 1985ರಲ್ಲಿ ತವರದ ಬೆಲೆ ಕುಸಿದು ಗಣಿಗಳು ಮುಚ್ಚಿದಾಗ ಸೋತವು. ಸಾವಿರಾರು ಕೆಲಸಗಾರರು ಊರು ಬಿಟ್ಟರು. ಕೂಲಿ ಇಲ್ಲ ಅಂದಮೇಲೆ ಪಾಲು ಎಲ್ಲಿಂದ?

ಇಲ್ಲಿಗೆ ಮತ್ತೆ ಹಣದ ಪ್ರಶ್ನೆಗೇ ಬಂದೆವು. ಸರ್ಕಾರ ಕೊಟ್ಟರೆ ಸರ್ಕಾರ ಬದಲಾದಾಗ ನಿಲ್ಲುತ್ತದೆ. ಮಾರುಕಟ್ಟೆ ಇದಕ್ಕೆ ಕೊಡುವುದೇ ಇಲ್ಲ. ಕಾರ್ಮಿಕರೇ ಕೊಟ್ಟರೆ, ಅವರ ಕೆಲಸ ಹೋದ ದಿನ, ಅಂದರೆ ಹೇಳಿಕೊಳ್ಳಲು ಅತಿ ಹೆಚ್ಚು ಇರುವ ದಿನವೇ, ಅದು ನಿಲ್ಲುತ್ತದೆ. ಹಾಗಾಗಿ ಬ್ರಿಟನ್ನಿನಲ್ಲಿ ಟಿವಿ ನೋಡುವ ಮನೆಗಳು ಬಿಬಿಸಿಗಾಗಿ ಕಟ್ಟುವ ಲೈಸೆನ್ಸ್ ಶುಲ್ಕದಂಥ, ಯಾವ ಒಂದು ಕೈಗೂ ಪೂರ್ತಿ ಸಿಗದ ಹಣವೇ ಇದಕ್ಕೆ ಸರಿ ಎಂದು ನನಗನ್ನಿಸುತ್ತದೆ. ಆದರೆ ಇವತ್ತು ಅತಿ ಹೆಚ್ಚು ಒತ್ತಡದಲ್ಲಿ ಇರುವುದೂ ಅದೇ.

ಒಂದೇ ಮನೆ, ಎರಡು ದೇಶ

ಶಾಪ್ಲಿ ಕಾಲದಲ್ಲಿ ಎರಡು ದೇಶಗಳ ಮನೆ ತೋರಿಸಬೇಕೆಂದರೆ ಎರಡು ಮನೆಗೆ ಹೋಗಬೇಕಿತ್ತು. ಈಗ ಒಂದೇ ಕುಟುಂಬ ಎರಡು ದೇಶದಲ್ಲಿರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಸುಮಾರು 16.8 ಕೋಟಿ ಜನ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದ ದುಡಿಮೆಯಲ್ಲಿದ್ದರು. ರೊಮೇನಿಯಾದ ತಾಯಿ ಇಟಲಿಯಲ್ಲಿ ಯಾರದೋ ವಯಸ್ಸಾದ ಅಪ್ಪನನ್ನು ನೋಡಿಕೊಳ್ಳುತ್ತಾಳೆ, ಅವಳ ಮಕ್ಕಳನ್ನು ಊರಿನಲ್ಲಿ ಅಜ್ಜಿ ನೋಡಿಕೊಳ್ಳುತ್ತಾಳೆ. ಇಟಲಿಯ ಸುದ್ದಿಯಲ್ಲಿ ಅವಳು ವಲಸೆಯ ಅಂಕಿ. ರೊಮೇನಿಯಾದ ಸುದ್ದಿಯಲ್ಲಿ ಅವಳು ಊರಿಗೆ ಬರುವ ಹಣ. ಎರಡೂ ಮನೆಗಳನ್ನು ಒಂದೇ ಕಾರ್ಯಕ್ರಮದಲ್ಲಿ ಕೇಳಿಸಿದರೆ ಮಾತ್ರ ಅವಳು ಪೂರ್ತಿ ಒಬ್ಬ ಮನುಷ್ಯಳಾಗಿ ಕಾಣುತ್ತಾಳೆ.

ಇಂಥ ಮನೆಗಳಿಗೆ ದನಿ ಎಂಬುದು ಅಪಾಯವೂ ಹೌದು. ಮುಖ ಮರೆಸಬಹುದು, ಹೆಸರು ಬದಲಿಸಬಹುದು. ಆದರೆ ಪರಿಚಯದವರು ದನಿಯನ್ನು ಒಂದು ಕ್ಷಣದಲ್ಲಿ ಗುರುತಿಸುತ್ತಾರೆ. ಕೆಲಸ ಕೊಟ್ಟವರು ಕೇಳಿಸಿಕೊಂಡರೆ ಕೆಲಸವೇ ಹೋಗಬಹುದು. ಕಾಗದಪತ್ರ ಸರಿ ಇಲ್ಲದವರಿಗೆ ಅದಕ್ಕಿಂತ ದೊಡ್ಡ ತೊಂದರೆ. ಹಿಂದೆ ಪ್ರಸಾರವಾದ ಕಾರ್ಯಕ್ರಮ ಅವತ್ತೇ ಗಾಳಿಯಲ್ಲಿ ಕರಗುತ್ತಿತ್ತು. ಈಗ ಅದು ಇಂಟರ್ನೆಟ್‌ನಲ್ಲಿ ವರ್ಷಗಟ್ಟಲೆ ಇರುತ್ತದೆ. ಅನುಭವ ಇರುವ ನಿರ್ಮಾಪಕರು ಏನು ಹಾಕಬೇಕು ಎನ್ನುವುದಕ್ಕಿಂತ ಏನನ್ನು ಬಿಡಬೇಕು ಎಂದು ಹೆಚ್ಚು ಯೋಚಿಸುತ್ತಾರೆ. ಆ ವಿವೇಕ ಬರುವುದು ವರ್ಷಗಳ ಕೆಲಸದಿಂದ. ಸೇವೆ ಮುಚ್ಚಿದಾಗ ಆ ಜನ ಚದುರಿಹೋಗುತ್ತಾರೆ. ಮುಂದೆ ಹಣ ಬಂದರೂ ಅವರನ್ನು ಒಟ್ಟುಗೂಡಿಸುವುದು ಸುಲಭವಲ್ಲ.

ಮುಂದೆ ಏನಾಗಬಹುದು

ಖಾಲಿ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ಲೆಬನಾನಿನಲ್ಲಿ ಬಿಬಿಸಿ ಅರೇಬಿಕ್ ಬಿಟ್ಟುಕೊಟ್ಟ ತರಂಗಾಂತರದಲ್ಲೇ ಈಗ ರಷ್ಯಾ ಬೆಂಬಲದ ಮಾಧ್ಯಮ ಪ್ರಸಾರವಾಗುತ್ತಿದೆ ಎಂದು 2024ರ ಅಕ್ಟೋಬರ್‌ನಲ್ಲಿ ಬಿಬಿಸಿಯ ಆಗಿನ ಮುಖ್ಯಸ್ಥ ಟಿಮ್ ಡೇವಿ ಹೇಳಿದರು. ಇದನ್ನು ಕೇಳಿ ಹಲವು ಸರ್ಕಾರಗಳು ಎಚ್ಚರಗೊಂಡಿವೆ. ಅಮೆರಿಕದ ಹಣ ನಿಂತಾಗ ಪ್ರಾಗ್‌ನಲ್ಲಿರುವ ರೇಡಿಯೋ ಫ್ರೀ ಯುರೋಪ್‌ಗೆ ಐರೋಪ್ಯ ಒಕ್ಕೂಟ 2025ರ ಮೇ ತಿಂಗಳಲ್ಲಿ 55 ಲಕ್ಷ ಯೂರೋ ತುರ್ತು ನೆರವು ಘೋಷಿಸಿತು.

ಆದರೆ ಹೀಗೆ ಬರುವ ಹಣ ಬರುವುದು ಪೈಪೋಟಿಯ ಹೆಸರಿನಲ್ಲಿ. ರಷ್ಯಾಕ್ಕೆ ಉತ್ತರ, ಚೀನಾಕ್ಕೆ ಉತ್ತರ, ಸುಳ್ಳು ಸುದ್ದಿಗೆ ಉತ್ತರ. ಉತ್ತರ ಕೊಡಲು ಬಂದ ಹಣ ವಾರ್ತೆಗೆ ಹೋಗುತ್ತದೆ, ಸತ್ಯಶೋಧನೆಗೆ ಹೋಗುತ್ತದೆ. ಅವು ಬೇಕು. ಪಕ್ಕದ ದೇಶದ ಗಣಿ ಹಳ್ಳಿಯಲ್ಲಿ ಒಂದು ತಿಂಗಳು ಕಳೆಯಲು ಮಾತ್ರ ಆ ಹಣ ಸಿಗುವುದಿಲ್ಲ. ಅದು ಯಾರಿಗೂ ಉತ್ತರ ಕೊಡುವ ಕೆಲಸ ಅಲ್ಲ.

ದೇಶಗಳ ಒಳಗೂ ಜಾಗ ಕಿರಿದಾಗುತ್ತಿದೆ. ಜರ್ಮನಿಯ ರಾಜ್ಯಗಳು 2024ರಲ್ಲಿ ಒಪ್ಪಿದ ಸುಧಾರಣೆಯಂತೆ ಅಲ್ಲಿನ ಸಾರ್ವಜನಿಕ ಸಂಸ್ಥೆ ಎಆರ್‌ಡಿಯ ಸುಮಾರು 70 ರೇಡಿಯೋ ವಾಹಿನಿಗಳು 53ಕ್ಕೆ ಇಳಿಯಬೇಕು. ದೀರ್ಘ ರೇಡಿಯೋ ರೂಪಕಗಳ ಪರಂಪರೆ ಯುರೋಪಿನಲ್ಲಿ ಅತ್ಯಂತ ಗಟ್ಟಿಯಾಗಿರುವ ದೇಶಗಳಲ್ಲಿ ಜರ್ಮನಿ ಒಂದು. ವಾಹಿನಿಗಳು ಒಂದಾದಾಗ ಒಂದೇ ಕಾರ್ಯಕ್ರಮ ಹಲವು ಕಡೆ ಮರುಪ್ರಸಾರವಾಗುತ್ತದೆ. ಹೊಸದಾಗಿ ಮಾಡಿಸುವ ಕಾರ್ಯಕ್ರಮಗಳ ಸಂಖ್ಯೆ ಕುಗ್ಗುತ್ತದೆ.

ಇನ್ನು ಗಮನಿಸಬೇಕಾದ ದಿನಾಂಕ ಒಂದಿದೆ. ಬಿಬಿಸಿ ನಡೆಯಲು ಆಧಾರವಾದ ಸನದು, ಅಂದರೆ ರಾಯಲ್ ಚಾರ್ಟರ್, 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ವಿಶ್ವ ಸೇವೆಗೆ ಯಾರು ಹಣ ಕೊಡಬೇಕು ಎಂಬ ಪ್ರಶ್ನೆ ಅದರೊಳಗೇ ಇದೆ. 2014ರವರೆಗೆ ಪೂರ್ತಿ ಹೊಣೆ ವಿದೇಶಾಂಗ ಇಲಾಖೆಯದ್ದಾಗಿತ್ತು. ಆಮೇಲೆ ಅದು ಲೈಸೆನ್ಸ್ ಶುಲ್ಕ ಕಟ್ಟುವ ಬ್ರಿಟನ್ ಜನರ ಮೇಲೆ ಬಿತ್ತು. ಮುಂದೆ ಸರ್ಕಾರವೂ ಮತ್ತೆ ಒಂದು ಪಾಲು ಕೊಡತೊಡಗಿತು. ಪೂರ್ತಿ ಹೊಣೆ ಮತ್ತೆ ಸರ್ಕಾರಕ್ಕೇ ಹೋಗಲಿ ಎಂದು ಬಿಬಿಸಿ ಕೇಳುತ್ತಿದೆ. ಹಾಗಾದರೆ ವಿಶ್ವ ಸೇವೆಗೆ ಸ್ವಲ್ಪ ಉಸಿರು ಬರಬಹುದು. ಆದರೆ ವಿದೇಶಾಂಗ ಇಲಾಖೆ ದುಡ್ಡು ಕೊಟ್ಟಾಗ ಅದಕ್ಕೆ ಬೇಕಾದ ದೇಶಗಳಿಗೆ, ಅದಕ್ಕೆ ಬೇಕಾದ ವಿಷಯಗಳಿಗೆ ಮೊದಲ ಸಾಲು ಸಿಗುತ್ತದೆ. ಆ ಚರ್ಚೆ ನಡೆಯುವಾಗ ಎಷ್ಟು ಕೋಟಿ ಪೌಂಡ್ ಎಂಬುದರ ಜೊತೆಗೆ ಇನ್ನೊಂದನ್ನೂ ಕೇಳಬೇಕು. ವಾರ್ತೆ ಬಿಟ್ಟು ಬೇರೆ ಕಾರ್ಯಕ್ರಮಗಳಿಗೆಂದೇ ತೆಗೆದಿಟ್ಟ ಹಣ ಎಷ್ಟು, ಅದನ್ನು ಯಾವ ಭಾಷೆಗಳಿಗೆ ಹಂಚುತ್ತಾರೆ, ಮುಚ್ಚಿದ ಸೇವೆಗಳ ಹಳೆಯ ರೆಕಾರ್ಡಿಂಗ್‌ಗಳು ಯಾರ ಬಳಿ ಉಳಿಯುತ್ತವೆ ಮತ್ತು ಅವುಗಳಲ್ಲಿ ಮಾತಾಡಿದ ಕುಟುಂಬಗಳಿಗೆ ಅವು ಸಿಗುತ್ತವೆಯೇ.